ನಾಲಾದ ಆಚೆಯ ಓಣಿ

ಮೀರಾಬಿ ಬಂದಳೆಂದು ಯಾರೋ ಅಂದದ್ದೇ ತಡ, ಗುರುಶಿದ್ದಪ್ಪ ಮುಂದಿನ ಸಾಲಿನಿಂದೆದ್ದು ಸಭಾಂಗಣದ ಕಂಬದ ಹಿಂದೆ ಹೋಗಿ ಕುಳಿತ. ಎರಡು ಸಲ ಆರಿಸಿ ಬಂದ ಪಾಲಿಕೆ ಸದಸ್ಯನಿಗೆ ಹೀಗೆ ಅಡಗಿ ಕೂರುವುದು ಶೋಭೆಯಲ್ಲವೆಂದು ಅವನಿಗೂ ಗೊತ್ತಿತ್ತು. ಕಂಬ ಸಣ್ಣದು, ತಾನು ಸಣ್ಣವನಲ್ಲ ಎಂಬುದೂ ಗೊತ್ತಿತ್ತು.

“ಏ ಗುರುಶಿದ್ದಣ್ಣಾ, ಕಂಬಕ್ಕ ಯಾವಾಗ ಹೊಟ್ಟಿ ಬಂತೋ?” ಎಂದಳು ಮೀರಾಬಿ, ಬಾಗಿಲಿನಿಂದಲೇ.

ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕೆಲಸ ನಡೆದಿತ್ತು. ಕರಡು ಹೊರಬಿದ್ದಿತ್ತು, ಆಕ್ಷೇಪವಿದ್ದವರು ಬಂದು ಹೇಳಬಹುದೆಂದು ಅಧಿಕಾರಿಗಳು ಜನರನ್ನು ಕರೆದಿದ್ದರು. ಗುರುಶಿದ್ದಪ್ಪನದು ಒಂದೇ ಆಕ್ಷೇಪ. ನಾಲಾದ ಆಚೆಯ ಗ್ಯಾರೇಜ್ ಓಣಿ ತನ್ನ ವಾರ್ಡಿನಲ್ಲಿರಬಾರದು, ಅದನ್ನು ರಾಯಾಪುರದ ಕಡೆಯ ವಾರ್ಡಿಗೆ ಸೇರಿಸಬೇಕು. ನಾಲಾ ಸಹಜವಾದ ಗಡಿ ಎಂಬುದು ಅವನು ಕೊಟ್ಟ ಕಾರಣ. ನಿಜವಾದ ಕಾರಣ ಈಗಷ್ಟೇ ಒಳಗೆ ಬಂದು ಫ್ಯಾನಿನ ಕೆಳಗೆ ಕುಳಿತಿತ್ತು.

ಓಣಿಯ ತಿರುವಿನಲ್ಲಿ ಮೀರಾಬಿಯ ಮಿರ್ಚಿ ಗಾಡಿ. ಹೊಸ ಗಿರಾಕಿ ಬಂದರೆ ಅವಳದು ಬೆಲ್ಲದಂಥ ಮಾತು: “ಬರ್ರಿ ಸಾಹೇಬ್ರ, ಕುಂದರ್ರಿ.” ಹಳಬ ಬಂದರೆ, “ಎಲ್ಲಿ ಹಾಳಾಗಿ ಹೋಗಿದ್ಯೋ?” ಗಂಡ, ಮಗ ಅರಫಾತ, ಸಾಕಿದ ಆಡು ಮತ್ತು ಗುರುಶಿದ್ದಪ್ಪ, ಇವರಿಗೆ ಮಾತ್ರ ದಿನವೂ ತಪ್ಪದೆ ಮಂಗಳಾರತಿ. ಗಟಾರ ತುಂಬಿದರೆ ಫೋನು, ದೀಪ ಆರಿದರೆ ಫೋನು. ನೀರು ಬರುವುದು ತಡವಾದರೆ ಅರ್ಧ ಓಣಿಯನ್ನು ಕರೆದುಕೊಂಡು ಅವನ ಮನೆಯ ಮುಂದೆಯೇ ಹಾಜರು. ಬೈಗುಳಕ್ಕೆ ಹೆದರಿ ಅವನು ಆ ಓಣಿಗೆ ಗಟಾರ ಕಟ್ಟಿಸಿದ, ದೀಪ ಹಾಕಿಸಿದ, ಕಾಂಕ್ರೀಟ್ ರಸ್ತೆ ಮಾಡಿಸಿದ. ಕಾಂಕ್ರೀಟು ಒಣಗುವ ಮೊದಲೇ ಇಳಿಜಾರು ಸರಿಯಿಲ್ಲವೆಂದು ಫೋನು ಬಂದಿತ್ತು.

ನಾಲಾದ ಈಚೆಗಿನ ಅವನ ಲೇಔಟಿನವರು ಹಾಗಲ್ಲ. ಬೈಯುವವರಿಲ್ಲ, ಬೇಡುವವರಿಲ್ಲ. ಹಬ್ಬಕ್ಕೊಂದು ಸನ್ಮಾನ, ಸನ್ಮಾನಕ್ಕೊಂದು ಶಾಲು. ಏನೂ ಕೇಳದ ಜನಕ್ಕೆ ಅವನೂ ಏನೂ ಮಾಡಿಕೊಡಲಿಲ್ಲ.

“ಶಾಲು ಇಡಾಕ ಇನ್ನೊಂದು ಕಪಾಟ ತರಬೇಕಾಗೇತಿ,” ಎನ್ನುತ್ತಿದ್ದಳು ಹೆಂಡತಿ ನಾಗರತ್ನಾ. “ಮೀರಾಬಿ ಕೈಯಾಗ ಬೈಸಿಕೊಂಡ್ರ ಒಂದು ಗಟಾರರ ಆಗತೈತ್ರಿ. ಶಾಲು ಹೊಚ್ಚಿಸಿಕೊಂಡ್ರ ಸೆಕಿ ಅಷ್ಟ.”

ಲೇಔಟಿಗೂ ಓಣಿಗೂ ಒಂದೇ ಶಾಲೆಯಲ್ಲಿ ಮತಗಟ್ಟೆ. ಹಿಂದಿನ ಎರಡೂ ಎಣಿಕೆಗಳಲ್ಲಿ, ಮುಳುಗಿಯೇ ಹೋದೆನೆಂದು ಅವನು ಬೆವರುತ್ತಿದ್ದಾಗ ದಡ ಸೇರಿಸಿದ್ದು ಆ ಶಾಲೆಯ ಓಟುಗಳೇ. ಅವು ಯಾರವೆಂದು ತಿಳಿಯಲು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕಪಾಟು ತೆಗೆದು ನೋಡಿದರೆ ಸಾಕಿತ್ತು. ಓಣಿಯೊಂದು ತೊಲಗಿದರೆ ಮುಂದಿನ ಸಲ ಎದುರಾಳಿ ರಾಜಶೇಖರನ ಠೇವಣಿಯೂ ಉಳಿಯದೆಂದು ಲೆಕ್ಕ ಹಾಕಿ, ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಎಂದುಕೊಂಡಿದ್ದ.

ಅಧಿಕಾರಿ ಮೀರಾಬಿಯನ್ನು ಕೇಳಿದರು. “ನಿಮ್ಮ ಓಣಿ ಇದೇ ವಾರ್ಡಿನಲ್ಲೇ ಇರಬೇಕು ಅಂತೀರಿ. ಯಾಕಮ್ಮಾ?”

“ಈ ಮನಿಷಾಗ ಬೈದು ಬೈದು ರೂಢಿ ಆಗೇತ್ರಿ ಸಾಹೇಬ್ರ. ಇವನ್ನ ಬಿಟ್ರ ನಾವು ಯಾರಿಗೆ ಬೈಯೂಣ್ರಿ?”

ಸಭಾಂಗಣ ನಕ್ಕಿತು. ಗುರುಶಿದ್ದಪ್ಪ ಕಂಬ ಬಿಟ್ಟು ಹೊರಬಂದ. “ಕೇಳಿದ್ರೇನ್ರಿ ಸಾಹೇಬ್ರ? ಈ ಮಂದಿಗೆ ನಾನಂದ್ರ ಆಗಂಗಿಲ್ಲ. ಇವ್ರಿಗೆ ಒಬ್ಬ ಛಲೋ ಮೆಂಬರ್ ಸಿಗಲಿ ಅಂತನ ನಾ ಬಡಕೊಳ್ಳಾಕತ್ತೇನಿ!”

ಮೀರಾಬಿ ಈ ಸಲ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅವಳ ಬಾಯಿ ಕಟ್ಟಿಸಿದ ಮೊದಲ ಗಂಡಸು ತಾನೇ ಎಂದು ಅವನು ಲೇಔಟಿಗೆಲ್ಲ ಪೇಢೆ ಹಂಚಿದ.

ಕೊನೆಯ ಪಟ್ಟಿಯಲ್ಲಿ ನಾಲಾವೇ ಗಡಿಯಾಯಿತು. ಫೋನು ತಣ್ಣಗಾಯಿತು. ಮೊದಮೊದಲು ಹಾಯೆನಿಸಿತು. ಆಮೇಲೆ ಫೋನು ಕೆಟ್ಟಿದೆಯೇನೋ ಎಂದು ಒಮ್ಮೆ ನಾಗರತ್ನಾಳಿಂದ ಕರೆ ಮಾಡಿಸಿ ನೋಡಿದ್ದೂ ಉಂಟು.

ಚುನಾವಣೆ ಬಂತು. ಎಣಿಕೆಯ ದಿನ ಅವನು ಎಂದಿನಂತೆ ಹಿಂದೆ ಬಿದ್ದ, ಎಂದಿನಂತೆ ಆ ಶಾಲೆಯ ಓಟುಗಳಿಗಾಗಿ ಕಾದ. ಈ ಸಲ ಆ ಮತಗಟ್ಟೆಯಲ್ಲಿ ಲೇಔಟಿನವರು ಮಾತ್ರ. ಶಾಲೆಯ ಎಣಿಕೆ ಮುಗಿದಾಗ ರಾಜಶೇಖರನ ಠೇವಣಿ ಭದ್ರವಾಗಿತ್ತು, ಹೋದದ್ದು ಗುರುಶಿದ್ದಪ್ಪನದೇ. ಸಂಜೆ ಲೇಔಟಿನವರು ಬಂದು ಸಮಾಧಾನ ಹೇಳಿ, ಒಂದು ಶಾಲು ಹೊದಿಸಿ ಹೋದರು.

ಅಷ್ಟಾದರೂ ಅವನ ಅನುಮಾನ ನಾಲಾ ದಾಟಿಯೇ ಹೋಯಿತು. ಓಣಿಯನ್ನು ಹೊರಹಾಕಿದ ಸಿಟ್ಟಿಗೆ ಮೀರಾಬಿಯೇ ಲೇಔಟಿನವರ ಕಿವಿ ಊದಿರಬೇಕು. ಮರುದಿನ ಕೇಳಿಯೇ ಬಿಡುತ್ತೇನೆಂದು ಹೊರಟ.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದಳು ಮೀರಾಬಿ.

ಆ ‘ರಿ’ ಅವನ ಎದೆಗೆ ನಾಟಿತು. ಬಾಯಿಗೆ ಬಂದಿದ್ದ ಜಗಳ ಮರೆತುಹೋಯಿತು. ಗಾಡಿಯ ಪಕ್ಕದಲ್ಲೇ ಗಟಾರ ತುಂಬಿ ರಸ್ತೆಗೆ ಹರಿಯುತ್ತಿತ್ತು.

“ಗಟಾರ ತುಂಬೇತಲ್ಲ ಮೀರಾಬಿ. ನಿಮ್ಮ ವಾರ್ಡಿನ ಹೊಸಾ ಮೆಂಬರಗ ಬೈದಿಲ್ಲೇನು?”

“ಇಲ್ರಿ.”

“ನನಗಾದ್ರ ದಿನಾ ಬೈತಿದ್ದಿ! ಅವಗ್ಯಾಕ ಬೈಯಂಗಿಲ್ಲ?”

ಮೀರಾಬಿ ಸೌಟು ಕೆಳಗಿಟ್ಟು, ಎಷ್ಟೋ ತಿಂಗಳ ಮೇಲೆ ಅವನನ್ನು ಕಣ್ಣು ಕೆಕ್ಕರಿಸಿ ನೋಡಿದಳು.

“ಅವಗ್ಯಾಕ ಬೈಲೋ, ಖೋಡಿ? ಎರಡೂ ಸಲ ಇಡೀ ಓಣಿ ಓಟ್ ಹಾಕಿದ್ದು ನಿನಗ!”