ಟೀಚರ್ ಕುಣಿದಷ್ಟು ಹೊತ್ತು

"ನಾವೇನೂ ಕಲಿಯೋದೇ ಬೇಡ ಕಣೇ. ಪಟ್ಟಿ ಕಟ್ಕೊಂಡ್ರೆ ಸಾಕು, ಮೈ ತಾನಾಗೇ ಕುಣಿಯುತ್ತೆ" ಎಂದು ಗೆಳತಿ ವನಮಾಲಳನ್ನು ಡಾನ್ಸ್ ಕ್ಲಾಸಿಗೆ ಎಳೆದುಕೊಂಡು ಬಂದವಳು ನಾನೇ.

ಒಳಗೆ ಹೋಗುವ ಮೊದಲು ಬಳೆ, ಸರ, ಕಾಲುಂಗುರ ಎಲ್ಲವನ್ನೂ ಬಿಚ್ಚಿ ಡಬ್ಬಿಗೆ ಹಾಕಬೇಕು. ವನಮಾಲ ಕಾಲುಂಗುರವನ್ನು ಮಾತ್ರ ಬಿಚ್ಚಲಿಲ್ಲ. "ಯಜಮಾನ್ರು ಗಟ್ಟಿಯಾಗಿರೋವಾಗ ಅದನ್ನ ಹೇಗೇ ತೆಗೀಲಿ?" ಎಂದು ಪಿಸುಗುಟ್ಟಿ, ಮೇಲೆ ಬಿಳಿ ಸಾಕ್ಸ್ ಎಳೆದುಕೊಂಡಳು. ಅದು ಯಾರಿಗೂ ಕಾಣದಂತೆ ನಾನು ಅಡ್ಡ ನಿಂತೆ.

ಟೀಚರ್ ಮೈ ಆಡಿದಂತೆ ನಮ್ಮ ಮೈಯನ್ನೂ ಆಡಿಸುವ ಪಟ್ಟಿಯನ್ನು ಕ್ಲಾಸಿನವರು ನಮ್ಮ ಕುತ್ತಿಗೆಗೆ ಬಿಗಿದು ಹೊರಗೆ ಹೋದರು. ಟೀಚರ್ ಇದ್ದದ್ದು ಬೇರೆ ಯಾವುದೋ ಊರಿನಲ್ಲಿ; ನಾವು ಅವರಿಗೆ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಅವರು ಸೊಂಟ ತಿರುಗಿಸಿದರು. ಇಲ್ಲಿ ಮೂವತ್ತು ಸೊಂಟಗಳು ತಿರುಗಿದವು. ಅವರು ನಕ್ಕರು, ನಾವೂ ನಕ್ಕೆವು. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರದ ನಾನು ಜಿಂಕೆಯಂತೆ ನೆಗೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ಖುಷಿಯಾಗಿತ್ತು.

ಎರಡನೇ ಹಾಡಿನ ನಡುವೆ, ಕನ್ನಡಿಯಲ್ಲಿ ವನಮಾಲಳ ಬಲಗಾಲಿನ ಸಾಕ್ಸ್ ಕೆಂಪಾಗಿದ್ದು ಕಂಡಿತು. ಒಂದೊಂದು ನೆಗೆತಕ್ಕೂ ಉಂಗುರ ಅವಳ ಬೆರಳನ್ನು ಕೊಯ್ಯುತ್ತಿತ್ತು. ಕಣ್ಣಿಂದ ನೀರು ಸುರಿಯುತ್ತಿದ್ದರೂ ಬಾಯಿ ಟೀಚರ್ ನಗುವನ್ನೇ ನಗುತ್ತಿತ್ತು. "ನಿಲ್ಲಿಸಿ" ಎಂದು ಕೂಗಲು ಹೊರಟೆ, ನಾಲಿಗೆ ಏಳಲಿಲ್ಲ. ಅವಳನ್ನು ಹಿಡಿದುಕೊಳ್ಳಲು ನೋಡಿದೆ. ನನ್ನ ಕೈಗಳು ತಲೆಯ ಮೇಲೆ ಹೋಗಿ ಚಪ್ಪಾಳೆ ತಟ್ಟಿದವು.

ಕೊನೆಗೂ ಹಾಡು ಮುಗಿಯಿತು. ಟೀಚರ್ ಬೆವರು ಒರೆಸಿಕೊಂಡರು, ನಾವೂ ಒರೆಸಿಕೊಂಡೆವು. ಅವರಿಗೆ ಇನ್ನೂ ಹುಮ್ಮಸ್ಸಿತ್ತು.

"ಇನ್ನೊಂದು!" ಎಂದು ಕೂಗಿದರು.

"ಇನ್ನೊಂದು!" ಎಂದು ಮೂವತ್ತು ಬಾಯಿಗಳು ಕೂಗಿದವು. ಅವುಗಳಲ್ಲಿ ಒಂದು ನನ್ನದು, ಒಂದು ವನಮಾಲಳದು.