ಟೇಪ್ ಅಂಟಿಸಿದ ಜಾಗ

ಟೀ ಆರುವಷ್ಟರಲ್ಲಿ ಓದಿ ಮುಗಿಸಬಹುದು ಫ್ರೆಂಡ್ಸ್... ಆದರೆ ಕೊನೆಯವರೆಗೂ ಓದಿ!

ಮಲ್ಪೆಯ ಸಮುದ್ರದ ಪಕ್ಕ ಒಂದು ಮನೆ. ಅಲ್ಲಿ ಜಲಜಾಕ್ಷಿ ಟೀಚರ್ ಇದ್ದರು.

ಉಪ್ಪು ಗಾಳಿಗೆ ಅಲ್ಲಿ ಎಲ್ಲದಕ್ಕೂ ತುಕ್ಕು... ಗೇಟಿಗೆ, ಕಿಟಕಿಗೆ, ಕಾರಿನ ಚಕ್ರದೊಳಗಿನ ಬ್ರೇಕ್ ಡಿಸ್ಕಿಗೂ.

ಅದಕ್ಕೇ ಟೀಚರ ಗಂಡ ವಾಮನ ಪ್ರತಿ ಮೇ ತಿಂಗಳು, ಮಳೆಗೆ ಮೊದಲು, ಚಕ್ರ ಬಿಚ್ಚಿ ಡಿಸ್ಕಿಗೆ ಸಿಲ್ವರ್ ಪೇಂಟ್ ಹೊಡೆಯುತ್ತಿದ್ದರು.

ಈ ಮಾರ್ಚ್‌ನಲ್ಲಿ ವಾಮನ ತೀರಿಕೊಂಡರು. ಹಾರ್ಟ್ ಅಟ್ಯಾಕ್.

ಟೀಚರ್ ಅಳಲಿಲ್ಲ. ಅಂದು ಮಾತ್ರ ಅಲ್ಲ... ಆಮೇಲೂ ಅಳಲಿಲ್ಲ.

ಯಾರು ಕೇಳಿದರೂ ಒಂದೇ ಉತ್ತರ. "ಎಂತ ಇಲ್ಲ, ಆರಾಮಿದ್ದೇನೆ."

ಮೇ ಕೊನೆ ಬಂತು. ಸೋಮವಾರ ಸ್ಕೂಲ್ ಶುರು. ಶನಿವಾರ ಟೀಚರ್ ತಾವೇ ಚಕ್ರ ಬಿಚ್ಚಿ, ಉಳಿದಿದ್ದ ಪೇಂಟ್ ಹೊಡೆದರು. ಒಂದು ಚೂರೂ ಜಾಗ ಬಿಡದೆ... ಫುಲ್ ಸಿಲ್ವರ್!

ಭಾನುವಾರ ಕಾರನ್ನು ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ... ಹಿಡಿಯಲೇ ಇಲ್ಲ. ಸೀದಾ ಹೋಗಿ ಗೇಟಿಗೆ ಗುದ್ದಿತು.

ಟೀಚರ್ ಬೆಚ್ಚಲೂ ಇಲ್ಲ. ಬಗ್ಗಿದ ಗೇಟನ್ನು ನೋಡಿದರು. 'ಇನ್ನು ನನ್ನಿಂದ ಆಗುವುದಿಲ್ಲ' ಎಂದುಕೊಂಡು ಒಳಗೆ ಹೋಗಿ ಕೆಲಸಕ್ಕೆ ರಾಜೀನಾಮೆ ಬರೆದು ಬ್ಯಾಗಿಗೆ ಹಾಕಿದರು. ಆಮೇಲೆ ಮೆಕ್ಯಾನಿಕ್ ಲಾನ್ಸಿಗೆ ಫೋನ್ ಮಾಡಿದರು.

ಲಾನ್ಸಿ ಬಂದು ಚಕ್ರ ಬಿಚ್ಚಿದವನೇ ತಲೆ ಮೇಲೆ ಕೈ ಇಟ್ಟ.

"ಅಯ್ಯೋ ಟೀಚರೇ, ಇದು ಬ್ರೇಕ್ ಮಾರಾಯ್ರೆ, ಸ್ಟೀಲ್ ತಟ್ಟೆ ಅಲ್ಲ! ಯಾರು ಹಚ್ಚಿದ್ದು?"

"ನಾನೇ. ಅವರು ಹಚ್ತಿದ್ರಲ್ಲ."

"ವಾಮನಣ್ಣ ನಡುವಿಗೆ, ಅಂಚಿಗೆ ಮಾತ್ರ ಹಚ್ತಿದ್ದದ್ದು. ಬ್ರೇಕ್ ಪ್ಯಾಡ್ ಒತ್ತಿ ಹಿಡಿದು ಉಜ್ಜುವ ಜಾಗಕ್ಕೆ ಪೇಂಟ್ ತಾಗದ ಹಾಗೆ ಟೇಪ್ ಅಂಟಿಸ್ತಿದ್ರು. ನೀವು ನೋಡ್ಲೇ ಇಲ್ವಾ?"

ಟೀಚರ್ ನೋಡಿದ್ದು ಅಡುಗೆಮನೆಯ ಕಿಟಕಿಯಿಂದ. ಅಷ್ಟು ದೂರಕ್ಕೆ ಟೇಪ್ ಕಂಡಿರಲಿಲ್ಲ...

"ಹಾಗಾದ್ರೆ ಆ ಜಾಗಕ್ಕೆ ತುಕ್ಕು ಹಿಡಿಯುದಿಲ್ವಾ?"

"ಹಿಡೀತದೆ! ಒಂದು ರಾತ್ರಿ ಸಾಕು. ಬೆಳಿಗ್ಗೆ ಬ್ರೇಕ್ ಒತ್ತಿದ್ರೆ ಉಜ್ಜಿ ಹೋಗ್ತದೆ. ಅದಕ್ಕೂ ಪೇಂಟ್ ಹೊಡೆದ್ರೆ ನೋಡ್ಲಿಕ್ಕೆ ಚಂದ... ಆದ್ರೆ ಗಾಡಿ ನಿಲ್ಲುದಿಲ್ಲ."

ಲಾನ್ಸಿ ಆ ಜಾಗದ ಪೇಂಟ್ ಪೂರ್ತಿ ಉಜ್ಜಿ ತೆಗೆದ. ಹೊಸ ಪ್ಯಾಡ್ ಹಾಕಿದ. ರೋಡಿನಲ್ಲಿ ಎರಡು ರೌಂಡ್ ಓಡಿಸಿ ನೋಡಿ, ಕೀ ಕೊಟ್ಟು ಹೋದ.

ಸೋಮವಾರ ಬೆಳಿಗ್ಗೆ ಟೀಚರ್ ಚಕ್ರದ ಸಂದಿಯಲ್ಲಿ ಇಣುಕಿದರು. ಡಿಸ್ಕ್ ಮೇಲೆ ತೆಳ್ಳಗೆ ಕೇಸರಿ ಬಣ್ಣದ ತುಕ್ಕು!

ಫೋನ್ ಮಾಡಿದರು. "ಲಾನ್ಸಿ, ಮತ್ತೆ ತುಕ್ಕು ಬಂತಲ್ಲ."

"ಬರ್ಲಿ ಟೀಚರೇ. ಸ್ವಲ್ಪ ಶಬ್ದ ಆಗ್ತದೆ, ಹೆದರ್ಬೇಡಿ. ನೀವು ಹೊರಡಿ."

ಟೀಚರ್ ನಿಧಾನಕ್ಕೆ ಕಾರು ತೆಗೆದರು. ಗೇಟಿನ ಹತ್ತಿರ ಬ್ರೇಕ್ ಒತ್ತಿದರು.

ಕರ್ರ್ರ್...

ಟೀಚರ ಕೈ ಸ್ಟೀರಿಂಗ್ ಮೇಲೆ ಹಾಗೇ ನಿಂತಿತು.

ಇಪ್ಪತ್ತಾರು ವರ್ಷ... ದಿನಾ ಬೆಳಿಗ್ಗೆ ಎಂಟಕ್ಕೆ, ಇದೇ ಗೇಟಿನಲ್ಲಿ, ಇದೇ ಶಬ್ದ. ದೋಸೆ ಹೊಯ್ಯುತ್ತಾ ಅದನ್ನು ಕೇಳಿದರೆ, 'ಇವರು ಹೊರಟರು' ಎಂದು ಅರ್ಥ. ಒಂದು ದಿನವೂ ತಿರುಗಿ ನೋಡಿದ್ದಿಲ್ಲ.

ಮಾರ್ಚ್‌ನಿಂದ ಆ ಶಬ್ದ ಇರಲಿಲ್ಲ... ಇವತ್ತು ತಮ್ಮದೇ ಕಾಲಡಿಯಿಂದ ಬಂತು.

ಟೀಚರ್ ಸ್ಟೀರಿಂಗಿಗೆ ಹಣೆ ಇಟ್ಟು ಅತ್ತರು. ಹಾರ್ನ್ ಒತ್ತಿಹೋಗಿ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು... ಆದರೂ ಅತ್ತರು.

ಆಮೇಲೆ ಮುಖ ಒರೆಸಿಕೊಂಡು ಸ್ಕೂಲಿಗೆ ಹೋದರು. ರಾಜೀನಾಮೆ ಬ್ಯಾಗಿನಲ್ಲೇ ಉಳಿಯಿತು.

ಕ್ಲಾಸಿನಲ್ಲಿ ಒಬ್ಬಳು ಪುಟ್ಟ ಹುಡುಗಿ ಕೇಳಿದಳು. "ಟೀಚರ್, ನೀವು ಅತ್ತದ್ದಾ?"

ಟೀಚರ್ ಈ ಸಲ 'ಎಂತ ಇಲ್ಲ' ಎನ್ನಲಿಲ್ಲ.

"ಹೌದು ಮಗಾ," ಎಂದರು. "ಅತ್ತೆ."

🙏

*ನೋವಿನ ಮೇಲೆ ಪೇಂಟ್ ಹೊಡೆದರೆ ತುಕ್ಕು ಕಾಣುವುದಿಲ್ಲ ನಿಜ... ಆದರೆ ಬ್ರೇಕೂ ಹಿಡಿಯುವುದಿಲ್ಲ.*

ನೀವು ಕೊನೆಯ ಸಲ "ಆರಾಮಿದ್ದೇನೆ" ಅಂತ ಹೇಳಿದ್ದು ಯಾರಿಗೆ...? ಆಗ ನಿಜವಾಗಿಯೂ ಆರಾಮಿದ್ದಿರಾ?