ಅಲ್ಲಾಡುವ ಹಲ್ಲು

"ಬಾಯಿ ತೆಗಿ," ಎಂದಳು ಅಕ್ಕ.

ರೆಕಾರ್ಡಿಂಗ್ ಕೋಣೆಯಲ್ಲಿ, ಮೈಕುಗಳ ನಡುವೆ, ಟ್ರಂಪೆಟ್ ಊದುವ ತಮ್ಮ, ಶಾಲೆಯ ಹುಡುಗನ ಹಾಗೆ, ಬಾಯಿ ತೆರೆದ. ಅಕ್ಕ ಹಲ್ಲಿನ ಡಾಕ್ಟರು. ಅವಳ ಬೆರಳು ತಾಗಿದರೆ ಸಾಕು, ಮೇಲಿನ ಸಾಲಿನ ಮುಂದಿನ ಹಲ್ಲು ಅತ್ತಿತ್ತ ತೂಗುತ್ತಿತ್ತು.

"ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಇದು ಬಿದ್ರೆ ಮತ್ತೆ ಮೊದಲಿನ ಥರ ಊದೋಕೆ ವರ್ಷ ಬೇಕು, ಗೊತ್ತಾ?"

"ಗೊತ್ತು ಅಕ್ಕ. ಅದಕ್ಕೇ ಆಲ್ಬಂ ಇವತ್ತೇ ಮುಗಿಸ್ತೀನಿ."

ಐದು ಜನರ ತಂಡ. ಬರೆದಿಟ್ಟ ಸ್ವರವಿಲ್ಲ, ಗೊತ್ತುಮಾಡಿಕೊಂಡ ತಾಳವಿಲ್ಲ; ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ಆ ಗಳಿಗೆಗೆ ಹುಟ್ಟಿದ್ದನ್ನು ನುಡಿಸುವ ಫ್ರೀ ಜಾಝ್. ಅಕ್ಕನ ಕಿವಿಗೆ ಅದು ಅಟ್ಟದ ಮೇಲಿಂದ ಪಾತ್ರೆಗಳು ಉರುಳಿದ ಸದ್ದು. ಇವತ್ತು ಆ ಸದ್ದೂ ನೆಟ್ಟಗಿರಲಿಲ್ಲ. ಸ್ವರ ಮೇಲೇರಬೇಕಾದಲ್ಲೆಲ್ಲ ತಮ್ಮ ಮೆಲ್ಲಗೆ ಜಾರಿಕೊಳ್ಳುತ್ತಿದ್ದ.

ಡ್ರಮ್ಮಿನವಳು ಕೋಲು ಕೆಳಗಿಟ್ಟಳು. "ಏನಪ್ಪಾ, ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡಿದೀಯಾ? ನುಂಗು, ಇಲ್ಲ ಉಗುಳು."

ತಮ್ಮನ ಮುಖ ಕೆಂಪಾಯಿತು. ಮತ್ತೆ ರೆಕಾರ್ಡಿಂಗ್ ದೀಪ ಹತ್ತಿತು, ಮತ್ತೆ ಶುರುವಾಯಿತು. ಅರ್ಧ ದಾರಿಯಲ್ಲಿ, ಏರುಸ್ವರವೊಂದರ ನಡುವೆ, ಹಲ್ಲು ಹೋಯಿತು.

ಗಾಜಿನಾಚೆ ಸೌಂಡ್ ಎಂಜಿನಿಯರನ ಪಕ್ಕ ಕೂತಿದ್ದ ಅಕ್ಕನಿಗೆ ಕಂಡದ್ದು ತುಟಿಯ ಮೇಲಿನ ರಕ್ತ. ಅವಳು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಹಲ್ಲನ್ನು ಉಗುಳಿದ ತಮ್ಮ ಅದನ್ನು ಬೂಟಿನಿಂದ ಪಕ್ಕಕ್ಕೆ ತಳ್ಳಿ, ಟ್ರಂಪೆಟ್ಟನ್ನು ತುಟಿಯ ಅಂಚಿಗೆ ಸರಿಸಿ ಊದಿಯೇಬಿಟ್ಟ. ಒರಟಾದ, ಹರಿದ ಸ್ವರ ಬಂತು. ಮಂದ್ರಸ್ವರದ ಬಾಸ್ ವಾದ್ಯ ಅದಕ್ಕೆ ಕೆಳಗಿನಿಂದ ಹೆಗಲು ಕೊಟ್ಟಿತು, ಡ್ರಮ್ಮು ಬೆನ್ನಿಗೆ ಬಿತ್ತು. ತಮ್ಮ ಇನ್ನೂ ಮೇಲೇರಿದ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ ಅಕ್ಕನಿಗೆ ಭಯವೂ ಹೆಮ್ಮೆಯೂ ಒಟ್ಟಿಗೇ ಆದವು.

ಮುಗಿದ ಮೇಲೆ ತಮ್ಮನ ಬಾಯಿಗೆ ಹತ್ತಿ ಒತ್ತಿ ಅಕ್ಕ ಅವನ ಪಕ್ಕದಲ್ಲೇ ಕೂತಳು. ರೆಕಾರ್ಡ್ ಆದದ್ದನ್ನು ಹಾಕಿಸಿಕೊಂಡು ಎಲ್ಲರೂ ಕೇಳತೊಡಗಿದರು.

"ಹಲ್ಲು ಬಿದ್ದ ಜಾಗ ಯಾವುದು ಅಂತ ಹೇಳಿ, ಕತ್ತರಿಸಿ ಸರಿ ಮಾಡ್ತೀನಿ," ಎಂದ ಎಂಜಿನಿಯರ್.

ಬಾಯಲ್ಲಿ ಹತ್ತಿ ಕಚ್ಚಿದ್ದ ತಮ್ಮ ಬರೀ ಹೆಗಲು ಕುಣಿಸಿದ. ಅಕ್ಕನೇ ಕೈಯೆತ್ತಿದಳು. "ಇಲ್ಲಿ."

"ಇಲ್ಲಿಂದ ತೆಗೀಲಾ ಮೇಡಂ?"

"ಇಲ್ಲಿಂದ ಮುಂದಕ್ಕೆ ಮುಟ್ಟಬೇಡಿ. ಅಲ್ಲಿವರೆಗೂ ಇವನು ಹಲ್ಲು ಕಾಯ್ತಾ ಕೂತಿದ್ದ. ಕತ್ತರಿಸೋದಿದ್ರೆ ಅದನ್ನ ಕತ್ತರಿಸಿ."